ಜೇಕು, ಕರಿಕೆಯ ಹತೋಟಿ: ಎಲೆ ತಿಪ್ಪೆಗೆ, ಗಡ್ಡೆ ಬಿಸಿಲಿಗೆ

ತೋಟದಲ್ಲಿ ಕಿತ್ತ ಕಳೆಯನ್ನು ಬದುವಿನ ಮೇಲೆ ಒಟ್ಟಿ, ಸಂಜೆ ಪುಟ್ಟಿ ತುಂಬಿ ತಿಪ್ಪೆಗೆ ಸುರಿಯುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಗೋಣಿಸೊಪ್ಪು, ಮುಳ್ಳುದಂಟುಗಳಂಥ ಒಂದೇ ಹಂಗಾಮಿನ ಕಳೆಗಳು ಬೀಜ ಕಟ್ಟುವ ಮುನ್ನವೇ ಕಿತ್ತಿದ್ದಾದರೆ ಈ ರೂಢಿಯಲ್ಲಿ ಯಾವ ದೋಷವೂ ಇಲ್ಲ. ಆದರೆ ಜೇಕು ಮತ್ತು ಕರಿಕೆಯನ್ನು ಬೇರು, ಗಡ್ಡೆ ಸಮೇತ ಹಸಿಯಾಗಿಯೇ ತಿಪ್ಪೆಗೆ ಹಾಕುವುದೆಂದರೆ ಹಾವಿಗೆ ಹಾಲೆರೆದಂತೆ. ತಿಪ್ಪೆಯ ಅಂಚಿನಲ್ಲಿ ಅವು ತಂಪಾಗಿ ಬದುಕಿಕೊಂಡು, ಮುಂದಿನ ವರ್ಷ ಗೊಬ್ಬರದ ಬಂಡಿಯಲ್ಲಿ ಕುಳಿತು, ಕಳೆಯೇ ಇಲ್ಲದಿದ್ದ ಹೊಲಕ್ಕೂ ಹೋಗಿ ಇಳಿಯುತ್ತವೆ. ಮೂಲೆಯ ಮೆಣಸಿನಕಾಯಿ ಮಡಿಯಲ್ಲಿದ್ದ ಜೇಕು ಎರಡು ವರ್ಷದಲ್ಲಿ ಇಡೀ ತೋಟ ಹಿಡಿಯಿತೆಂದು ಹೇಳುವ ರೈತರನ್ನು ನಾನು ಶಹಾಪುರ, ಸುರಪುರ ಭಾಗದಲ್ಲಿ ಬಹಳ ಸಲ ಕೇಳಿದ್ದೇನೆ. ಗೊಬ್ಬರ ಎಲ್ಲಿಯದು ಎಂದು ವಿಚಾರಿಸಿದರೆ ಉತ್ತರ ಸಾಮಾನ್ಯವಾಗಿ ಒಂದೇ: ಮನೆಯ ತಿಪ್ಪೆಯದು.

ನಮ್ಮ ಭಾಗಕ್ಕೆ ಈ ಕಳೆಗಳು ಹೊಸವಲ್ಲ. ಕರಿಕೆಯನ್ನು ಗಣಪತಿಗೆ ಏರಿಸುತ್ತೇವೆ. ಜೇಕಿನ ಗಡ್ಡೆ ಭದ್ರಮುಷ್ಟಿ ಎಂಬ ಹೆಸರಿನಲ್ಲಿ ಆಯುರ್ವೇದದ ಔಷಧಿ. ಹೊಸದೆಂದರೆ ನೀರು. ನಾರಾಯಣಪುರದ ಬಸವಸಾಗರದಿಂದ 1980ರ ದಶಕದಲ್ಲಿ ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ, ಮಳೆ ನಂಬಿ ಜೋಳ, ತೊಗರಿ ಬೆಳೆಯುತ್ತಿದ್ದ ಎರೆಭೂಮಿಯಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಬಂದವು. ಹಿಂದೆ ಬೇಸಿಗೆಯಲ್ಲಿ ಭೂಮಿ ಒಣಗಿ ಬಿರಿದು ಬಾಯಿಬಿಟ್ಟಾಗ ಅರ್ಧ ಗಡ್ಡೆಗಳು ತಾವಾಗಿಯೇ ಸಾಯುತ್ತಿದ್ದವು. ವರ್ಷದ ಹೆಚ್ಚಿನ ಕಾಲ ತೇವ ಸಿಗುವ ಹೊಲದಲ್ಲಿ ಆ ಶಿಕ್ಷೆ ತಪ್ಪಿದೆ.

ಶತ್ರುವಿನ ಮನೆ ಎಲ್ಲಿದೆ?

ಜೇಕಿನ ಮನೆ ಮಣ್ಣಿನೊಳಗಿದೆ. ಕಣ್ಣಿಗೆ ಕಾಣುವ ಎಲೆ ಅದರ ಅರ್ಧ ಭಾಗವೂ ಅಲ್ಲ. ಕೆಳಗೆ ದಾರದಂಥ ಕಾಂಡದಲ್ಲಿ ಮಣಿ ಪೋಣಿಸಿದಂತೆ ಗಡ್ಡೆಗಳ ಸರವಿರುತ್ತದೆ. ಹೆಚ್ಚಿನವು ಮೇಲಿನ ಅರ್ಧ ಅಡಿಯಲ್ಲಿ, ಕೆಲವು ಒಂದು ಅಡಿ ಆಳದಲ್ಲಿ. ಬೀಜದಿಂದ ಅದು ಹರಡುವುದು ತೀರಾ ಕಡಿಮೆ, ಎಲ್ಲವೂ ಗಡ್ಡೆಯಿಂದಲೇ. ಒಂದು ಗಡ್ಡೆ ಅನುಕೂಲ ಸಿಕ್ಕರೆ ಮೂರ್ನಾಲ್ಕು ತಿಂಗಳಲ್ಲಿ ನೂರರ ಹತ್ತಿರ ಮರಿ ಹಾಕಬಲ್ಲದು. ಇನ್ನೊಂದು ಗುಣವನ್ನು ಮುಖ್ಯವಾಗಿ ನೆನಪಿಡಿ. ಸರದ ತುದಿಯ ಗಡ್ಡೆ ಚಿಗುರಿದಾಗ ಹಿಂದಿನವು ಮಲಗಿರುತ್ತವೆ. ಸರ ಕಡಿದೊಡನೆ ಮಲಗಿದ್ದವು ಒಂದೊಂದೂ ಎದ್ದು ಚಿಗುರುತ್ತವೆ. ಹಸಿ ಇರುವಾಗ ರೋಟವೇಟರ್ ಹೊಡೆದ ಹೊಲದಲ್ಲಿ ಹದಿನೈದು ದಿನಕ್ಕೆ ಜೇಕು ನಾಟಿ ಮಾಡಿದಂತೆ ಏಳುವುದಕ್ಕೆ ಕಾರಣ ಇದೇ. ಯಂತ್ರ ಕೆಟ್ಟದ್ದಲ್ಲ, ಹೊತ್ತು ಕೆಟ್ಟದ್ದು.

ಕರಿಕೆಯದು ಬೇರೆ ರೀತಿ. ಮೇಲೆ ಹರಿಯುವ ಬಳ್ಳಿ, ಕೆಳಗೆ ಬಿಳಿ ಕಾಂಡ. ಗಂಟು ಇರುವ ಯಾವ ತುಂಡಿಗೂ ಮತ್ತೆ ಗಿಡವಾಗುವ ಶಕ್ತಿ ಇದೆ. ಆದರೂ ಕರಿಕೆಯ ಜೊತೆ ಸಂಪೂರ್ಣ ಹಗೆತನ ಬೇಡ. ಒಡ್ಡಿನ ಮೇಲಿನ ಕರಿಕೆ ಮಣ್ಣು ಹಿಡಿಯುತ್ತದೆ, ದನಕ್ಕೆ ಮೇವಾಗುತ್ತದೆ. ಅದನ್ನು ಅಲ್ಲಿಯೇ ಇರಗೊಡಿ. ತೋಟದ ಕಡೆಗೆ ಮಾತ್ರ ಒಡ್ಡಿನ ಬುಡಕ್ಕೆ ಒಂದು ಅಡಿ ಆಳದ ಸಣ್ಣ ಕಾಲುವೆ ತೆಗೆದು, ತಿಂಗಳಿಗೊಮ್ಮೆ ಸಲಿಕೆಯಿಂದ ಅಂಚು ಕೆತ್ತುತ್ತಿದ್ದರೆ ಬಳ್ಳಿ ಒಳಕ್ಕೆ ದಾಟುವುದಿಲ್ಲ.

ಬೇಸಿಗೆಯ ಬಿಸಿಲೇ ದೊಡ್ಡ ಔಷಧಿ

ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅದನ್ನು ದುಡಿಸಿಕೊಳ್ಳಿ. ಯುಗಾದಿಯ ಆಸುಪಾಸಿನಲ್ಲಿ ಬೆಳೆ ತೆಗೆದ ಮೇಲೆ, ಜೇಕು ಹತ್ತಿದ ಮಡಿಗೆ ನೀರು ಬಿಡುವುದನ್ನು ಪೂರ್ತಿ ನಿಲ್ಲಿಸಿ, ಪಲ್ಟಿ ನೇಗಿಲಿನಿಂದ ಒಂದು ಅಡಿ ಆಳಕ್ಕೆ ಹೊಡೆಯಿರಿ. ಎರೆಭೂಮಿಯಲ್ಲಿ ದೊಡ್ಡ ಹೆಂಟೆಗಳು ಏಳುತ್ತವೆ, ಏಳಲಿ. ಹೆಂಟೆ ಒಣಗಿದಂತೆ ಅದರೊಳಗಿನ ಗಡ್ಡೆಯೂ ಒಣಗುತ್ತದೆ. ಹದಿನೈದು ದಿನ ಬಿಟ್ಟು ಕುಂಟೆ ಹೊಡೆದು ಹೆಂಟೆ ಹೊರಳಿಸಿ, ಮಗ್ಗಲು ಬದಲಾಯಿಸಿ. ಕರಿಕೆಯ ಕಾಂಡ ಇನ್ನೂ ಬೇಗ ಸಾಯುತ್ತದೆ. ರೋಹಿಣಿ ಮಳೆ ಬೀಳುವುದರೊಳಗೆ ಈ ಕೆಲಸ ಮುಗಿದಿರಬೇಕು. ನಡುವೆ ಒಂದು ಅಡ್ಡಮಳೆ ಬಂತೆಂದರೆ ಮತ್ತೆ ಒಂದು ಸಲ ಕುಂಟೆ ಹೊಡೆಯದೆ ವಿಧಿಯಿಲ್ಲ. ಯಾದಗಿರಿ ಕಡೆಯ ಮಸಾರಿ ಭೂಮಿಯಲ್ಲಿ ಹೆಂಟೆ ನಿಲ್ಲುವುದಿಲ್ಲ. ಅಲ್ಲಿ ಉಳುಮೆಯ ಹಿಂದೆಯೇ ಗಡ್ಡೆ ಆರಿಸುವುದು ಸುಲಭ, ಆರಿಸಿಬಿಡಿ.

ಒಂದೇ ಬೇಸಿಗೆಯಲ್ಲಿ ಎಲ್ಲವೂ ಸಾಯುತ್ತದೆಂದು ಆಸೆ ಹುಟ್ಟಿಸುವುದು ಸರಿಯಲ್ಲ. ಅಮೆರಿಕದ ಅಲಬಾಮಾದಲ್ಲಿ 1930ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ, ಬೆಳೆ ಇಲ್ಲದ ಭೂಮಿಯನ್ನು ಮೂರು ವಾರಕ್ಕೊಮ್ಮೆ ತಪ್ಪದೆ ಉತ್ತು ಎರಡು ಹಂಗಾಮು ಕಳೆದ ಮೇಲೆ ಜೇಕು ಅಳಿಯಿತು. ಈ ಮೂರು ವಾರದ ಲೆಕ್ಕಕ್ಕೆ ಅರ್ಥವಿದೆ. ಚಿಗುರಿದ ಗಿಡ ಹೊಸ ಗಡ್ಡೆ ಕಟ್ಟಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅದಕ್ಕೆ ಮುಂಚೆಯೇ ಎಲೆ ಕಡಿದರೆ ಹಳೆಯ ಗಡ್ಡೆ ತನ್ನ ಗಂಟು ಕರಗಿಸಿ ಮತ್ತೆ ಚಿಗುರಬೇಕು. ಹೀಗೆ ಕರಗಿಸುತ್ತ ಹೋದರೆ ಬರಿದಾಗುತ್ತದೆ. ಆದ್ದರಿಂದ ತರಕಾರಿ ಮಡಿಯಲ್ಲಿ ತಿಂಗಳಿಗೊಮ್ಮೆ ಆಳವಾಗಿ ಕಳೆ ತೆಗೆಸುವುದಕ್ಕಿಂತ, ಹದಿನೈದು-ಇಪ್ಪತ್ತು ದಿನಕ್ಕೊಮ್ಮೆ ಕುರ್ಪಿಯಿಂದ ಹಗುರಾಗಿ ಕೆತ್ತಿಸುವುದು ಲಾಭದ ಕೆಲಸ. ಹೆಣ್ಣಾಳುಗಳ ಕೂಲಿಯೇ ತೋಟದ ದೊಡ್ಡ ಖರ್ಚು. ಆ ಕೂಲಿ ಗಡ್ಡೆ ಕಟ್ಟಿದ ಮೇಲೆ ಹೋದರೆ ನೀರಿನಲ್ಲಿ ಹೋಮ ಮಾಡಿದಂತೆ.

ಜೇಕಿಗೆ ನೆರಳು ಆಗುವುದಿಲ್ಲ. ಮೊದಲ ಮಳೆಗೆ ಆ ಮಡಿಯಲ್ಲಿ ಸೆಣಬು ಅಥವಾ ಡಯಂಚವನ್ನು ಎಕರೆಗೆ 20 ಕಿಲೋ ಲೆಕ್ಕದಲ್ಲಿ ದಟ್ಟವಾಗಿ ಬಿತ್ತಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಜೇಕು ಕುಗ್ಗುತ್ತದೆ, ಹಸಿರು ಗೊಬ್ಬರವೂ ಆಯಿತು. ಕಪ್ಪು ಪ್ಲಾಸ್ಟಿಕ್ ಹೊದಿಕೆಯನ್ನು ನೆಚ್ಚಬೇಡಿ. ಜೇಕಿನ ಮೊಳಕೆ ಸೂಜಿಯಂತೆ ಅದನ್ನು ಚುಚ್ಚಿ ಮೇಲೆ ಬರುತ್ತದೆ. ಭತ್ತದ ಗದ್ದೆಯಲ್ಲಿ ನೀರು ನಿಂತಷ್ಟು ದಿನ ಅದು ಸುಮ್ಮನಿರುತ್ತದೆ, ಸತ್ತಿತೆಂದು ತಿಳಿಯಬೇಡಿ. ಗಡ್ಡೆ ನೀರಿನಡಿ ತಿಂಗಳುಗಟ್ಟಲೆ ಜೀವ ಹಿಡಿಯುತ್ತದೆ. ಕಿತ್ತ ಗಡ್ಡೆಯನ್ನು ಡ್ರಮ್ಮಿನ ನೀರಿನಲ್ಲಿ ನೆನೆಹಾಕಿ ಕೊಳೆಸಿದೆ ಎನ್ನುವವರಿಗೂ ಇದೇ ಮಾತು.

ಕಳೆನಾಶಕದ ಬಗ್ಗೆ ಎರಡು ಮಾತು. ಗ್ಲೈಫೋಸೇಟ್ ಎಲೆಯ ಮೂಲಕ ಗಡ್ಡೆಗೆ ಇಳಿಯುತ್ತದೆ ನಿಜ. ಆದರೆ ಎಲೆ ಇಲ್ಲದೆ ಮಲಗಿರುವ ಗಡ್ಡೆಗೆ ಅದು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅದಕ್ಕೆ ಮಂಜೂರಾತಿ ಸಿಕ್ಕಿದ್ದು ಚಹಾ ತೋಟ ಮತ್ತು ಬೆಳೆಯಿಲ್ಲದ ಜಾಗಗಳಿಗೆ, ತರಕಾರಿಗಾಗಲಿ ಹತ್ತಿಗಾಗಲಿ ಅಲ್ಲ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಸೀಮಿತಗೊಳಿಸಿ ಅಧಿಸೂಚನೆಯನ್ನೂ ಹೊರಡಿಸಿತು. ಕಬ್ಬು, ಗೋವಿನಜೋಳದಲ್ಲಿ ಜೇಕಿಗೆ ಹ್ಯಾಲೋಸಲ್ಫ್ಯೂರಾನ್ ಮೀಥೈಲ್ ಇದೆ. ಕರಿಕೆಗೆ ಅದು ಕೆಲಸ ಮಾಡದು. ಹಿತ್ತಲಿಗೂ ತರಕಾರಿ ಮಡಿಗೂ ನನ್ನ ಶಿಫಾರಸು ಕುರ್ಪಿ ಮತ್ತು ಬಿಸಿಲು, ಅಷ್ಟೇ.

ಕಿತ್ತ ಕಳೆಯನ್ನು ಏನು ಮಾಡಬೇಕು?

ಕೀಳುವಾಗಲೇ ಎರಡು ಪಾಲು ಮಾಡಿಸಿ. ಗಡ್ಡೆ, ಬೇರು, ಬಿಳಿ ಕಾಂಡ ಒಂದು ಪುಟ್ಟಿಗೆ. ಎಲೆ, ದಂಟು ಇನ್ನೊಂದಕ್ಕೆ. ಎಲೆ ನೇರ ತಿಪ್ಪೆಗೆ ಹೋಗಲಿ. ಗಡ್ಡೆಯನ್ನು ಮಣ್ಣು ಕೊಡವಿ, ಬಂಡೆಯ ಮೇಲೋ ಫರಸಿ ಕಲ್ಲಿನ ಮೇಲೋ ತೆಳುವಾಗಿ ಹರಡಿ. ಬಂಡೆಗೆ ನಮ್ಮ ಸೀಮೆಯಲ್ಲಿ ಬರಗಾಲವಿಲ್ಲ. ಶಹಾಪುರದ ಗುಡ್ಡ ನೋಡಿದವರಿಗೆ ಹೇಳಬೇಕಾಗಿಲ್ಲ. ಬರೀ ನೆಲದ ಮೇಲೆ ಹರಡಬೇಡಿ. ತೇವ ಹಿಡಿದು ಅಲ್ಲೇ ಬೇರು ಬಿಡುತ್ತದೆ. ಬೇಸಿಗೆಯಲ್ಲಿ ಎರಡು ಮೂರು ವಾರ, ನಡುನಡುವೆ ಕೈಯಾಡಿಸುತ್ತ ಒಣಗಿಸಿ. ಕರಿಕೆ ಮುರಿದರೆ ಪಟ್ಟನೆ ಮುರಿಯಬೇಕು. ಜೇಕಿನ ಗಡ್ಡೆಯನ್ನು ಕಲ್ಲಿನಿಂದ ಜಜ್ಜಿ ನೋಡಿ: ಒಳಗೆ ಬಿಳಿಯಾಗಿ ಹಸಿ ಇದ್ದರೆ ಇನ್ನೂ ಜೀವವಿದೆ, ಕಂದಿ ಗಟ್ಟಿಯಾಗಿದ್ದರೆ ಸತ್ತಿದೆ. ಮಳೆಗಾಲದಲ್ಲಿ ಹೀಗೆ ಒಣಗಿಸುವುದು ಆಗದ ಮಾತು. ಆಗ ಹಳೆಯ ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಕಟ್ಟಿ ಕೊಟ್ಟಿಗೆಯ ಮಾಡಿನ ಮೇಲೆ ಬೇಸಿಗೆಯ ತನಕ ಇಟ್ಟಿರಿ, ಇಲ್ಲವೆ ಮುಂದೆ ಹೇಳುವ ಬಿಸಿ ಗುಪ್ಪೆಯ ನಟ್ಟನಡುವೆ ಹುಗಿಯಿರಿ.

ನಮ್ಮಲ್ಲಿ ಗೊಬ್ಬರದ ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತುವುದು ಹೆಚ್ಚು. ಇದು ಡಾ. ಸಿ. ಎನ್. ಆಚಾರ್ಯ ಅವರು 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಬೆಂಗಳೂರು ಪದ್ಧತಿಗೆ ಹತ್ತಿರ. ನೀರು, ಆಳು ಎರಡೂ ಉಳಿಯುತ್ತವೆ, ಸಾರಜನಕವೂ ಹೆಚ್ಚು ನಷ್ಟವಾಗುವುದಿಲ್ಲ. ಆದರೆ ಶಾಖ ಮೊದಲ ಕೆಲವು ದಿನ ಮಾತ್ರ. ಗುಂಡಿಯ ಗೋಡೆಗೆ ತಾಗಿದ ಕಸಕ್ಕೆ ಅದೂ ಮುಟ್ಟುವುದಿಲ್ಲ. ಬಹುವಾರ್ಷಿಕ ಕಳೆಗೆ ಬೇಕಾದದ್ದು ತಿರುವಿ ಹಾಕುವ ಪದ್ಧತಿ. ಸರ್ ಆಲ್ಬರ್ಟ್ ಹೊವಾರ್ಡ್ ಇಂದೋರಿನಲ್ಲಿ ಅಭ್ಯಾಸ ಮಾಡಿ 1931ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಇಂದೋರ್ ಪದ್ಧತಿಯ ತಿರುಳೇ ಅದು. ತಿರುವಿದಾಗ ಗಾಳಿ ಸೇರಿ ಗುಪ್ಪೆ ಮತ್ತೆ ಕಾಯುತ್ತದೆ, ಅಂಚಿನ ಕಸ ನಡುವಿಗೆ ಬರುತ್ತದೆ.

ನೆಲದ ಮೇಲೆ ಐದು ಅಡಿ ಅಗಲ, ಕನಿಷ್ಠ ನಾಲ್ಕು ಅಡಿ ಎತ್ತರದ ಗುಪ್ಪೆ ಹಾಕಿ. ಇದಕ್ಕಿಂತ ಚಿಕ್ಕದು ಕಾಯುವುದಿಲ್ಲ. ತಳಕ್ಕೆ ತೊಗರಿ ಕಟ್ಟಿಗೆ, ಅದರ ಮೇಲೆ ಗೇಣುದ್ದ ಒಣ ಕಸ, ಮೇಲೆ ಹಸಿ ಕಳೆಯ ಎಲೆ, ಅದರ ಮೇಲೆ ಸಗಣಿ ಬಗ್ಗಡ. ಹೀಗೆ ಪದರ ಪದರವಾಗಿ. ಹತ್ತಿ ಕಟ್ಟಿಗೆ ಹಾಕುವುದಾದರೆ ಸಣ್ಣಗೆ ಕತ್ತರಿಸಿ ಹಾಕಿ. ಒಡೆಯದ ಕಾಯಿ ಸಹಿತ ಕಟ್ಟಿಗೆಯನ್ನು ಬಣವೆ ಒಟ್ಟಿಟ್ಟರೆ ಗುಲಾಬಿ ಕಾಯಿಕೊರಕಕ್ಕೆ ಮನೆ ಕೊಟ್ಟಂತೆ. ಕಸವನ್ನು ಮುಷ್ಟಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ನಮ್ಮ ಒಣಗಾಳಿಗೆ ಮೇಲ್ಭಾಗ ಬೇಗ ಆರುವುದರಿಂದ ಹಳೆಯ ಗೋಣಿತಟ್ಟು ಹೊದಿಸಿ.

ಮೂರ್ನಾಲ್ಕು ದಿನದಲ್ಲಿ ಗುಪ್ಪೆಯ ನಡುವೆ ಶಾಖ 55ರಿಂದ 65 ಡಿಗ್ರಿಗೆ ಏರಬೇಕು. ಉಷ್ಣಮಾಪಕ ಇಲ್ಲದಿದ್ದರೆ ಒಂದು ಕಬ್ಬಿಣದ ಸಲಾಕೆ ಸಾಕು. ನಡುವಿಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ತುದಿಯನ್ನು ಹಿಡಿದುಕೊಂಡಿರಲು ಆಗಬಾರದು. ಬೆಚ್ಚಗೆ ಹಿತವಾಗಿದ್ದರೆ ಆ ಶಾಖ ಗಡ್ಡೆ ಕೊಲ್ಲುವುದಿಲ್ಲ, ಸಾಕುತ್ತದೆ. ಸಗಣಿ ಬಗ್ಗಡ ಅಥವಾ ಹಸಿ ಎಲೆ ಹೆಚ್ಚಿಸಿ. ಏಳನೆಯ ದಿನ ಮೊದಲ ಸಲ, ನಂತರ ವಾರಕ್ಕೊಮ್ಮೆ ಮೂರು ಸಲ ತಿರುವಿ. ಹೊರಗಿನದು ಒಳಗೆ, ಒಳಗಿನದು ಹೊರಗೆ ಬರಲೇಬೇಕು. ಇಲ್ಲಿ ಸೋಮಾರಿತನ ಮಾಡಿದರೆ ಹಿಂದಿನ ದುಡಿತವೆಲ್ಲ ವ್ಯರ್ಥ. ಮೂರು ತಿಂಗಳಿಗೆ ಗೊಬ್ಬರ ಸಿದ್ಧ.

ಬೇರೆ ಕೆಲವು ಗಿಡಗಳ ಮಾತನ್ನೂ ಇಲ್ಲೇ ಮುಗಿಸುತ್ತೇನೆ. ಕಾಲುವೆ ದಂಡೆಯ ಬೇಶರಮ್ ಗಿಡದ ಎಲೆ ಗೊಬ್ಬರಕ್ಕೆ ಆಗುತ್ತದೆ, ಕಾಂಡವನ್ನು ಮಾತ್ರ ಒಣಗಿಸದೆ ಹಾಕಬೇಡಿ, ತುಂಡೆಲ್ಲ ಚಿಗುರುತ್ತದೆ. ಬಸಿಗಾಲುವೆಯ ಆಪನ್ನು ನೀರಿನ ಮಟ್ಟದಿಂದ ಕೆಳಗೆ ಕೊಯ್ದರೆ ಬುಡಕ್ಕೆ ಗಾಳಿ ಸಿಗದೆ ಕೊಳೆಯುತ್ತದೆ. ಬಳ್ಳಾರಿ ಜಾಲಿಯ ಕಾಯಿ ತಿಂದ ಕುರಿ, ದನಗಳ ಹಿಕ್ಕೆ, ಸಗಣಿಯಲ್ಲಿ ಬೀಜ ಜೀವಂತವಾಗಿಯೇ ಹೊರಬೀಳುತ್ತದೆ. ಆದ್ದರಿಂದ ಹೊಲದಲ್ಲಿ ಕುರಿ ನಿಲ್ಲಿಸಿದವರು ಮೊದಲ ಮಳೆಯ ನಂತರ ಒಂದು ಸುತ್ತು ತಿರುಗಿ, ಸಸಿ ಬೆರಳುದ್ದ ಇರುವಾಗಲೇ ಕಿತ್ತುಬಿಡಿ. ಬೆಳೆದ ಮೇಲೆ ಅದರ ಬುಡ ಅಗೆಯಲು ಹಾರೆಯೇ ಬೇಕು.

ಗೊಬ್ಬರವನ್ನು ಬಂಡಿಗೆ ಹೇರುವ ಮುನ್ನ ಒಂದು ಸುಲಭ ಪರೀಕ್ಷೆ ಮಾಡಿ. ಗುಪ್ಪೆಯ ನಡುವಿನಿಂದ, ಮೂಲೆಗಳಿಂದ, ತಳದಿಂದ ಬೊಗಸೆ ಬೊಗಸೆ ತೆಗೆದು ಎರಡು ಕುಂಡದಲ್ಲಿ ತುಂಬಿ. ದಿನಾಲೂ ನೀರು ಚಿಮುಕಿಸಿ ಬಿಸಿಲಿನಲ್ಲಿಡಿ. ಮೂರು ವಾರದೊಳಗೆ ಜೇಕಿನ ಮೂರಂಚಿನ ಮೊಳಕೆಯಾಗಲಿ ಕರಿಕೆಯ ಎಳೆಯಾಗಲಿ ಕಾಣದಿದ್ದರೆ ಧೈರ್ಯವಾಗಿ ತರಕಾರಿ ಮಡಿಗೆ ಹಾಕಿ. ಒಂದೇ ಒಂದು ಮೊಳಕೆ ಕಂಡರೂ ಗುಪ್ಪೆಗೆ ಸಗಣಿ ಬಗ್ಗಡ ಸೇರಿಸಿ, ಇನ್ನೊಮ್ಮೆ ತಿರುವಿ ಹಾಕಿ, ಸಲಾಕೆ ಚುಚ್ಚಿ ನೋಡಿ.