ಪಾಚಿಯ ಹಸಿರು ಮತ್ತು ಅದರೊಳಗಿನ ಹಳದಿ: ಹಾಸನ ಸೀಮೆಯನ್ನು ಕುರಿತು ಒಂದು ವಿವೇಚನೆ

ಪಾಚಿ ಎಂಬುದು ಹಾಸನ, ಹೊಳೆನರಸೀಪುರ, ಅರಕಲಗೂಡು ಹಾಗೂ ಚನ್ನರಾಯಪಟ್ಟಣ ತಾಲ್ಲೂಕುಗಳ ಕೃಷಿಕರ ನಿತ್ಯದ ಮಾತು. ಕೆರೆಯ ನೀರನ್ನು ಮುಚ್ಚುವುದು, ಕಲ್ಯಾಣಿಯ ಮೆಟ್ಟಿಲನ್ನು ಜಾರಿಸುವುದು, ಗದ್ದೆಯ ನೀರಿನಲ್ಲಿ ತೇಲುವುದು ಎಲ್ಲವೂ ಈ ಒಂದೇ ಪದದಲ್ಲಿ ಅಡಗಿವೆ. ಹಾವಸೆ ಎಂಬ ಹಳೆಯ ಪದದ ವ್ಯಾಪ್ತಿಯೂ ಇಷ್ಟೇ. ವಿಜ್ಞಾನವು ಇವುಗಳಲ್ಲಿ ಒಂದು ವರ್ಗವನ್ನು ಪ್ರತ್ಯೇಕಿಸುತ್ತದೆ. ನೀಲಿಹಸಿರು ಪಾಚಿ ಎಂದು ಕರೆಯಲಾಗುವ ಸಯನೊಬ್ಯಾಕ್ಟೀರಿಯಾ ಸಸ್ಯವಲ್ಲ. ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುವ ಬ್ಯಾಕ್ಟೀರಿಯಾ. ನೆರಳಿಲ್ಲದ ನೀರು, ಬಂಡೆಗಳ ಮೇಲೆ ಇದು ಬಿಸಿಲನ್ನು ತಾಳಿಕೊಳ್ಳುವ ಬಗೆಯನ್ನು ವಿವರಿಸುವುದೂ, ಅದರಿಂದ ಜಾನಪದ ಕ್ಷೇತ್ರಕಾರ್ಯಕ್ಕೆ ದೊರೆಯುವ ಸೂಚನೆಯನ್ನು ಗುರುತಿಸುವುದೂ ಈ ಲೇಖನದ ಉದ್ದೇಶ.

ಬೆಳಕು ಈ ಜೀವಿಗೆ ಆಹಾರದ ಮೂಲವೂ ಹೌದು, ಅಪಾಯವೂ ಹೌದು. ನಡುಹಗಲಿನಲ್ಲಿ ಅದು ಹೀರಿಕೊಳ್ಳುವ ಬೆಳಕೆಲ್ಲವೂ ಆಹಾರ ತಯಾರಿಕೆಗೆ ಬಳಕೆಯಾಗುವುದಿಲ್ಲ. ಮಿಕ್ಕ ಶಕ್ತಿಯು ಪತ್ರಹರಿತಿನ ಮೂಲಕ ಆಮ್ಲಜನಕಕ್ಕೆ ವರ್ಗವಾದರೆ ಅದು ಉಗ್ರವಾಗಿ ವರ್ತಿಸುವ ರೂಪವನ್ನು ತಾಳಿ, ಜೀವಕೋಶದ ಪ್ರೋಟೀನು ಹಾಗೂ ಪೊರೆಗಳನ್ನು ಹಾಳುಗೆಡವುತ್ತದೆ. ಇದನ್ನು ತಡೆಯುವವು ಕೆರೋಟಿನಾಯ್ಡ್ ಎಂಬ ಹಳದಿ, ಕಿತ್ತಳೆ ವರ್ಣದ್ರವ್ಯಗಳು.

ಈ ರಕ್ಷಣೆ ಎರಡು ಬಗೆಯದು. ಕೆರೆಗೆ ಕೋಡಿಯಿದ್ದಂತೆ ಮೊದಲನೆಯದು. ಬೀಟಾ ಕೆರೋಟಿನ್, ಜಿಯಾಕ್ಸಾಂಥಿನ್ ಮೊದಲಾದವು ಅಪಾಯಕಾರಿ ಶಕ್ತಿಯನ್ನು ತಾವು ಪಡೆದು ಶಾಖವಾಗಿ ಹೊರಬಿಡುತ್ತವೆ. ಎರಡನೆಯದನ್ನು ಗೊರೂರಿನ ಹೇಮಾವತಿ ಅಣೆಕಟ್ಟಿನ ಬಾಗಿಲುಗಳಿಗೆ ಹೋಲಿಸಬಹುದು. ಅಗತ್ಯ ಬಿದ್ದಾಗ ತೆರೆದು, ತೀರಿದ ಮೇಲೆ ಮುಚ್ಚುವ ವ್ಯವಸ್ಥೆ ಇದು. ಕಿತ್ತಳೆ ಕೆರೋಟಿನಾಯ್ಡ್ ಪ್ರೋಟೀನು 1981ರಲ್ಲೇ ಪತ್ತೆಯಾಗಿದ್ದರೂ ಅದರ ಕಾರ್ಯ ಸ್ಪಷ್ಟವಾದದ್ದು 2006ರಲ್ಲಿ. ಪ್ರಖರ ನೀಲಿ ಬೆಳಕು ಬಿದ್ದಾಗ ಈ ಪ್ರೋಟೀನು ಕಿತ್ತಳೆಯಿಂದ ಕೆಂಪಿಗೆ ತಿರುಗಿ, ಬೆಳಕು ಸಂಗ್ರಹಿಸುವ ಫೈಕೋಬಿಲಿಸೋಮ್ ಎಂಬ ರಚನೆಗೆ ಅಂಟಿಕೊಂಡು, ಅಲ್ಲಿನ ಶಕ್ತಿಯನ್ನು ಶಾಖವಾಗಿ ಹರಿಯಬಿಡುತ್ತದೆ. ಬೆಳಕು ತಗ್ಗಿದಾಗ ಮತ್ತೊಂದು ಪ್ರೋಟೀನು ಅದನ್ನು ಬಿಡಿಸಿ ಮೊದಲಿನ ಸ್ಥಿತಿಗೆ ತರುತ್ತದೆ.

ಹೇಮಾವತಿ, ಕಾವೇರಿ ಕಾಲುವೆಗಳ ನೀರುಣ್ಣುವ ಹೊಳೆನರಸೀಪುರ, ಅರಕಲಗೂಡು ಸೀಮೆಯ ಭತ್ತದ ಗದ್ದೆಗಳಿಗೆ ಈ ವಿಷಯ ನೇರವಾಗಿ ಸಂಬಂಧಿಸಿದೆ. ಭಾರತದ ಗದ್ದೆಗಳಲ್ಲಿ ನೀಲಿಹಸಿರು ಪಾಚಿಯು ಗಾಳಿಯ ಸಾರಜನಕವನ್ನು ಮಣ್ಣಿಗೆ ಒದಗಿಸುತ್ತದೆ ಎಂಬುದನ್ನು ಪಿ.ಕೆ. ಡೇ 1939ರಲ್ಲಿ ತೋರಿಸಿದರು. ನಾಟಿಯಾದ ಹೊಸದರಲ್ಲಿ ಪೈರು ಇನ್ನೂ ನೆರಳು ಕೊಡುವುದಿಲ್ಲ. ನಿಂತ ನೀರಿನ ಮೇಲೆ ಬಿಸಿಲು ನೇರವಾಗಿ ಬೀಳುತ್ತದೆ. ಪಾಚಿಗೆ ಆತ್ಮರಕ್ಷಣೆ ಅತ್ಯಗತ್ಯವಾಗುವುದು ಆಗಲೇ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಊರಿನ ಹೆಸರೇ ಬಿಳಿಯ ಕೊಳವನ್ನು ಸೂಚಿಸುತ್ತದೆ. ಅಲ್ಲಿನ ಬೆಟ್ಟಗಳಂಥ ತೆರೆದ ಗ್ರಾನೈಟ್ ಬಂಡೆಗಳಲ್ಲಿ ಮಳೆನೀರು ಇಳಿಯುವ ಜಾಡುಗಳು ಸಾಮಾನ್ಯವಾಗಿ ಕಪ್ಪಾಗುವುದು ಈ ವರ್ಗದ ಜೀವಿಗಳಿಂದಲೇ. ಕೆರೋಟಿನಾಯ್ಡ್‌ಗಳ ಜೊತೆಗೆ, ಕೋಶದ ಹೊರಕವಚದಲ್ಲಿರುವ ಸೈಟೋನೆಮಿನ್ ಎಂಬ ಬೇರೊಂದು ಕಂದು ದ್ರವ್ಯವು ನೇರಳಾತೀತ ಕಿರಣಗಳನ್ನು ತಡೆಯುತ್ತದೆ. ಕಲ್ಲಿನ ಕಪ್ಪು ಬರಿಯ ಕೊಳೆಯಲ್ಲ. ಜೀವಿಯೊಂದು ಹೊದ್ದ ಕೊಡೆ.

ಜಾನಪದ ಅಧ್ಯಯನದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ತೀವ್ರ ಬೆಳಕಿನಲ್ಲಿ ಈ ಜೀವಿಯು ಹಸಿರು, ನೀಲಿ ದ್ರವ್ಯಗಳನ್ನು ತಗ್ಗಿಸಿ ಕೆರೋಟಿನಾಯ್ಡ್‌ಗಳನ್ನು ಹೆಚ್ಚಿಸಿಕೊಳ್ಳುವುದರಿಂದ ಪಾಚಿ ಹಳದಿಗೆ ತಿರುಗಬಹುದು. ಸಾರಜನಕದ ಕೊರತೆಯಲ್ಲೂ ಹಳದಿಯಾಗುವುದುಂಟು. ಆದ್ದರಿಂದ ಬಣ್ಣವೊಂದರಿಂದಲೇ ಕಾರಣವನ್ನು ನಿರ್ಧರಿಸಲಾಗದು. ಆದರೆ ಪಾಚಿಯ ಬಣ್ಣವನ್ನು ರೈತನೊಬ್ಬ ಹೆಸರಿಸಿದಾಗ ಅದನ್ನು ಪಾಚಿ ಎಂಬ ಒಂದೇ ನಮೂದಿಗೆ ಇಳಿಸಿಬಿಟ್ಟರೆ, ನೀರಿನ ಸ್ಥಿತಿಯ ಬಗ್ಗೆ ಆತ ಕಂಡುಕೊಂಡ ತಿಳಿವು ಕಳೆದುಹೋಗುತ್ತದೆ. ಬಣ್ಣದ ಪದವನ್ನು ತಿಂಗಳು, ನೀರಿನ ಆಳ, ನೆರಳು ಮತ್ತು ಗೊಬ್ಬರದ ವಿವರಗಳೊಡನೆ ದಾಖಲಿಸಿದರೆ ಮಾತ್ರ ಅದು ಸಸ್ಯವಿಜ್ಞಾನಿಗೂ ಉಪಯುಕ್ತ ಸಾಕ್ಷ್ಯವಾಗುತ್ತದೆ. ಕೆರೆಗಳು ಬತ್ತಿ, ಗದ್ದೆಗಳು ನಿವೇಶನಗಳಾಗುವೆಡೆ ಇಂಥ ಪದಗಳು ನೀರಿಗಿಂತ ಮೊದಲೇ ಮರೆಯಾಗುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.