‘ಹೋಲ್ಡಾನ್!’: ಕೋಶ ಎರಡಾಗುವ ಮೊದಲು ಯಾರಿಗಾಗಿ ಕಾಯುತ್ತೆ?



ಈ ಸಂಚಿಕೆ ಹುಟ್ಟಿದ್ದು ಒಂದು ಫೋನ್ ಕರೆಯಿಂದ. ಊರಲ್ಲಿರೋ ನನ್ನ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್‌ಗೆ ಕೀಮೋ ನಡೀತಾ ಇದೆ. ಔಷಧದ ಹೆಸರು ಪ್ಯಾಕ್ಲಿಟ್ಯಾಕ್ಸೆಲ್. “ನೀನು ಇದನ್ನೇ ಅಲ್ವಾ ಓದಿರೋದು? ಗಂಟು ಇರೋದು ಎದೇಲಿ. ಕೂದಲು ಯಾಕೆ ಉದುರುತ್ತೆ, ಕಾಲ್ಬೆರಳು ಯಾಕೆ ಜುಮ್ ಅನ್ನುತ್ತೆ, ಹೇಳು” ಅಂದ್ರು. “ಆ ಔಷಧ ಕೋಶಗಳು ಎರಡಾಗೋದನ್ನ ನಿಲ್ಲಿಸುತ್ತೆ ಚಿಕ್ಕಮ್ಮ, ಅದಕ್ಕೇ” ಅಂದೆ. ಫೋನ್ ಇಟ್ಟ ಮೇಲೆ ಯೋಚಿಸಿದ್ರೆ, ಆ ಒಂದು ವಾಕ್ಯದಲ್ಲಿ ಎರಡು ತಪ್ಪಿದ್ದವು. ಕಾಲ್ಬೆರಳಿನ ನರಕೋಶಗಳು ಎರಡಾಗೋದೇ ಇಲ್ಲ, ನಿಲ್ಲಿಸೋದೇನನ್ನ? ಎರಡನೇ ತಪ್ಪು ಇನ್ನೂ ಸ್ವಾರಸ್ಯದ್ದು. ಅದಕ್ಕೆ ಬರೋಕೆ ಸ್ವಲ್ಪ ದಾರಿ ನಡೀಬೇಕು.

ಲೆಕ್ಕದಿಂದ ಶುರು ಮಾಡೋಣ. ನಮ್ಮ ದೇಹದ ಸಾಮಾನ್ಯ ಕೋಶವೊಂದರಲ್ಲಿ 46 ಕ್ರೋಮೋಸೋಮ್‌ಗಳಿವೆ. ಕೋಶ ಎರಡಾಗುವ ಮೊದಲು ಪ್ರತಿಯೊಂದಕ್ಕೂ ಒಂದು ನಕಲು ತಯಾರಾಗುತ್ತೆ. ಈ ಅವಳಿ ಎಳೆಗಳನ್ನು ಕೊಹೆಸಿನ್ ಎಂಬ ಪ್ರೋಟೀನಿನ ಉಂಗುರಗಳು ಒಟ್ಟಿಗೆ ಹಿಡಿದಿಟ್ಟಿರುತ್ತವೆ. ಆಗ ಕೋಶದ ಎರಡು ತುದಿಗಳಿಂದ ಮೈಕ್ರೋಟ್ಯೂಬ್ಯೂಲ್ ಎಂಬ ಅತಿ ಸಣ್ಣ ಕೊಳವೆಗಳು ಹೊರಡುತ್ತವೆ. ನಾನು ಇವನ್ನ ಹಗ್ಗ ಅಂತಲೇ ಕರೀತೀನಿ. ಆದರೆ ಇವು ಸುಮ್ಮನಿರೋ ಹಗ್ಗಗಳಲ್ಲ. ಬೆಳೆಯುತ್ತವೆ, ಕುಸಿಯುತ್ತವೆ, ಮತ್ತೆ ಬೆಳೆಯುತ್ತವೆ, ಕರೆಂಟ್ ಹೋದಾಗ ಬೆಂಕಿಪೊಟ್ಟಣಕ್ಕೆ ತಡಕಾಡೋ ಕೈ ಥರ. ಅವು ಹುಡುಕ್ತಾ ಇರೋದು ಪ್ರತಿ ಎಳೆಯ ಮೇಲಿರುವ ಕೈನೆಟೊಕೋರ್ ಎಂಬ ಹಿಡಿಕೆಯನ್ನ. ಅವಳಿಗಳಲ್ಲಿ ಒಂದಕ್ಕೆ ಎಡಗಡೆಯ ಹಗ್ಗ, ಇನ್ನೊಂದಕ್ಕೆ ಬಲಗಡೆಯ ಹಗ್ಗ ಸಿಗಬೇಕು. ಆಮೇಲೆ ಉಂಗುರ ಕತ್ತರಿಸಿದರೆ ಒಂದು ಅತ್ತ, ಒಂದು ಇತ್ತ.

ಲ್ಯಾಬಲ್ಲಿ ಇದನ್ನ ಮೈಕ್ರೋಸ್ಕೋಪಿನಲ್ಲಿ ನೋಡೋದು ನನ್ನ ಕೆಲಸದ ದೊಡ್ಡ ಭಾಗ. ಎಷ್ಟು ಸಲ ನೋಡಿದ್ರೂ ಬೇಜಾರಾಗದ ಒಂದು ಘಳಿಗೆ ಇದೆ. 45 ಕ್ರೋಮೋಸೋಮ್‌ಗಳು ನಡುವೆ ಸಾಲಾಗಿ ನಿಂತಿವೆ, ಒಂದು ಮಾತ್ರ ಎಲ್ಲೋ ಮೂಲೆಯಲ್ಲಿ ಅಲೀತಾ ಇದೆ. ಇಡೀ ಕೋಶ ಅದೊಂದಕ್ಕಾಗಿ ಕಾಯುತ್ತೆ. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೊನೆಗೆ ಅದೂ ಬಂದು ಸಾಲಿಗೆ ಸೇರುತ್ತೆ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಅಷ್ಟೂ ಅವಳಿಗಳು ಒಟ್ಟಿಗೆ ಬೇರೆಯಾಗುತ್ತವೆ.

46 ಸಾಲಿಗೆ ಬಂದವು ಅಂತ ಕೋಶ ಹೇಗೆ ಎಣಿಸುತ್ತೆ? ಎಣಿಸೋದೇ ಇಲ್ಲ. ನಮ್ಮೂರ ಬಸ್ಸನ್ನ ನೆನಪಿಸಿಕೊಳ್ಳಿ. ಕಂಡಕ್ಟರ್ ತಲೆ ಎಣಿಸಿ ‘ರೈಟ್’ ಹೇಳೋ ಬದಲು, ಇನ್ನೂ ಹತ್ತದೇ ಇರೋ ಪ್ರತಿಯೊಬ್ಬರೂ ತಾವೇ “ಹೋಲ್ಡಾನ್, ಹೋಲ್ಡಾನ್!” ಅಂತ ಕೂಗ್ತಾ ಇದ್ದಾರೆ ಅಂದುಕೊಳ್ಳಿ. ಹತ್ತಿದವರು ಸುಮ್ಮನಾಗ್ತಾರೆ. ಕೂಗು ಪೂರ್ತಿ ನಿಂತ ಮೇಲೆ ಮಾತ್ರ ಬಸ್ಸು ಹೊರಡುತ್ತೆ. ಅಂದ್ರೆ ಕೋಶದಲ್ಲಿ ‘ಎಲ್ಲ ಸರಿ’ ಅನ್ನೋ ಸಂದೇಶ ಇಲ್ಲ, ‘ನಾನಿನ್ನೂ ಬಂದಿಲ್ಲ’ ಅನ್ನೋದು ಮಾತ್ರ ಇದೆ.

ಇದು ಬರೀ ಹೋಲಿಕೆ ಅಲ್ಲ, ಪ್ರಯೋಗದಲ್ಲಿ ನೋಡಿದ್ದು. 1995ರಲ್ಲಿ ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿ ಕಾನ್ಲಿ ರೀಡರ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಒಂದು ಪುಟ್ಟ ಚೀಲಪ್ರಾಣಿಯ ಕೋಶಗಳನ್ನ ಆರಿಸಿಕೊಂಡರು. ಅದರಲ್ಲಿ ಕ್ರೋಮೋಸೋಮ್‌ಗಳು ಕೆಲವೇ, ಆದರೆ ದೊಡ್ಡವು, ನೋಡೋದು ಸುಲಭ. ಹಗ್ಗ ಸಿಗದೆ ಉಳಿದಿದ್ದ ಕೊನೆಯ ಹಿಡಿಕೆಯನ್ನ ಲೇಸರ್‌ನಿಂದ ಸುಟ್ಟರು. ಆ ಕ್ರೋಮೋಸೋಮ್ ಸರಿಯಾದ ಜಾಗಕ್ಕೆ ಬಂದೇ ಇರಲಿಲ್ಲ, ಆದ್ರೂ ಕೋಶ ಸ್ವಲ್ಪ ಹೊತ್ತಲ್ಲೇ ವಿಭಜನೆಗೆ ಹೊರಟುಬಿಟ್ಟಿತು. ಕೂಗುವ ಬಾಯಿ ಮುಚ್ಚಿಸಿದ್ರೆ ಸಾಕು, ಬಸ್ಸು ಹೊರಡುತ್ತೆ!

ಕೂಗು ಅಂದ್ರೆ ಏನು? ಉಂಗುರ ಕತ್ತರಿಸೋ ಕತ್ತರಿಯ ಹೆಸರು ಸೆಪರೇಸ್. ಸೆಕ್ಯೂರಿನ್ ಎಂಬ ಪ್ರೋಟೀನ್ ಅದನ್ನ ಒರೆಯೊಳಗೆ ಇಟ್ಟ ಹಾಗೆ ಹಿಡಿದಿರುತ್ತೆ. ಒರೆಯನ್ನ ನಾಶ ಮಾಡಬೇಕಾದ ಯಂತ್ರ ಚಾಲೂ ಆಗೋಕೆ ಸಿಡಿಸಿ20 ಅನ್ನೋ ಕೀಲಿ ಬೇಕು. ಹಗ್ಗ ಸಿಗದ ಹಿಡಿಕೆಯ ಮೇಲೆ ಮ್ಯಾಡ್2 ಎಂಬ ಪ್ರೋಟೀನ್ ತನ್ನ ಆಕಾರ ಬದಲಿಸಿಕೊಂಡು, ಇನ್ನೆರಡು ಪ್ರೋಟೀನ್‌ಗಳ ಜೊತೆ ಸೇರಿ, ಈ ಕೀಲಿಯನ್ನ ಕಟ್ಟಿಹಾಕುತ್ತೆ. ಅಷ್ಟೇ. ಕತ್ತರಿ ಬೀಳೋದಕ್ಕೆ ಇಷ್ಟೊಂದು ಕಾವಲು ಯಾಕೆ ಅಂದ್ರೆ, ಕತ್ತರಿಸಿದ ಉಂಗುರವನ್ನ ಮತ್ತೆ ಬೆಸೆಯೋಕಾಗಲ್ಲ. ಮ್ಯಾಡ್ ಹೆಸರಿನ ವಂಶವಾಹಿಗಳು ಮೊದಲು ಸಿಕ್ಕಿದ್ದು 1991ರಲ್ಲಿ, ಬ್ರೆಡ್ಡಿಗೆ ಹಾಕೋ ಯೀಸ್ಟಿನಲ್ಲಿ. ಯೀಸ್ಟಿನಿಂದ ನಮ್ಮವರೆಗೆ ಇದೇ ವ್ಯವಸ್ಥೆ.

ಹಗ್ಗ ಸಿಕ್ಕರೆ ಸಾಲದು, ಸರಿಯಾದ ಹಗ್ಗ ಸಿಗಬೇಕು. ಎರಡೂ ಅವಳಿಗಳಿಗೆ ಎಡಗಡೆಯ ಹಗ್ಗವೇ ಸಿಕ್ಕರೆ? ಆಗ ಬಿಗಿ ಇರೋದಿಲ್ಲ. ಹಗ್ಗಜಗ್ಗಾಟದಲ್ಲಿ ಒಂದೇ ಕಡೆ ಜನ ಇದ್ದ ಹಾಗೆ. ಸಡಿಲ ಹಿಡಿತವನ್ನ ಅರೋರಾ ಬಿ ಎಂಬ ಕಿಣ್ವ ಬಿಡಿಸಿಹಾಕುತ್ತೆ, ಹಿಡಿಕೆ ಖಾಲಿಯಾಗಿ ಮತ್ತೆ ಕೂಗು ಶುರು.

ಈಗ ಕ್ಯಾನ್ಸರ್‌ಗೆ ಬರೋಣ. ಗಟ್ಟಿ ಗೆಡ್ಡೆಗಳ ಪೈಕಿ ಸುಮಾರು ಶೇಕಡಾ 90ರಲ್ಲಿ ಕ್ರೋಮೋಸೋಮ್ ಲೆಕ್ಕ ತಪ್ಪಿರುತ್ತೆ. ಹಾಗಾದ್ರೆ ಕಾವಲೇ ಕೆಟ್ಟಿರಬೇಕು ಅಂತ ನಾನೂ ಪಿಎಚ್‌ಡಿ ಶುರು ಮಾಡಿದಾಗ ಅಂದುಕೊಂಡಿದ್ದೆ. ಅದು ಅಪರೂಪ. ಮ್ಯಾಡ್2 ಪೂರ್ತಿ ಇಲ್ಲದ ಇಲಿಮರಿ ಗರ್ಭದಲ್ಲೇ ಸಾಯುತ್ತೆ, ಕಾವಲಿಲ್ಲದೆ ಕೋಶಕ್ಕೆ ಬದುಕೇ ಇಲ್ಲ. ಗೆಡ್ಡೆಗಳಲ್ಲಿ ಹೆಚ್ಚಾಗಿ ಆಗೋದು ಇನ್ನೊಂದು ತಪ್ಪು. ಒಂದೇ ಹಿಡಿಕೆಗೆ ಎಡಗಡೆಯಿಂದಲೂ ಬಲಗಡೆಯಿಂದಲೂ ಹಗ್ಗ ಬಿದ್ದಿರುತ್ತೆ. ಹಿಡಿಕೆ ಖಾಲಿ ಇಲ್ಲ, ಬಿಗಿಯೂ ಇದೆ, ಆದ್ದರಿಂದ ಕೂಗು ಇಲ್ಲ. ಬಸ್ಸು ಹೊರಡುತ್ತೆ, ಆ ಒಂದು ಎಳೆ ಎರಡು ಕಡೆಯ ಸೆಳೆತಕ್ಕೆ ಸಿಕ್ಕಿ ನಡುವೆಯೇ ಉಳಿಯುತ್ತೆ. ಕೊನೆಗೆ ತಪ್ಪು ಮನೆಗೆ ಹೋಗಬಹುದು, ಇಲ್ಲಾ ಪ್ರತ್ಯೇಕವಾಗಿ ಒಂದು ಪುಟ್ಟ ಕೋಶಕೇಂದ್ರದೊಳಗೆ ಸಿಕ್ಕಿ ಚೂರುಚೂರಾಗಬಹುದು. ಇಂಥ ತಪ್ಪು ಆರೋಗ್ಯವಂತ ಕೋಶಗಳಲ್ಲೂ ಆಗುತ್ತೆ, ಆದರೆ ಅಲ್ಲಿ ಹಗ್ಗ ಆಗಾಗ ಬಿಟ್ಟು ಹಿಡಿಯೋದರಿಂದ ಸರಿಹೋಗುತ್ತೆ. ಎಷ್ಟೋ ಕ್ಯಾನ್ಸರ್ ಕೋಶಗಳಲ್ಲಿ ಹಿಡಿತ ಅತಿ ಗಟ್ಟಿ. ಡಾರ್ಟ್ಮತ್ ಕಾಲೇಜಿನ ಡುವೇನ್ ಕಾಂಪ್ಟನ್ ಅವರ ತಂಡ 2009ರಲ್ಲಿ ಇಂಥ ಕೋಶಗಳ ಹಿಡಿತವನ್ನ ಸ್ವಲ್ಪ ಸಡಿಲ ಮಾಡಿ ನೋಡಿತು. ತಪ್ಪುಗಳು ಕಡಿಮೆಯಾದವು! ನನಗೆ ತುಂಬ ಇಷ್ಟವಾದ ಪ್ರಯೋಗ ಇದು.

ಲೆಕ್ಕ ತಪ್ಪಿದರೆ ಕ್ಯಾನ್ಸರ್‌ಗೆ ಲಾಭವೇ? ಇಲ್ಲಿ 120 ವರ್ಷ ಹಿಂದಕ್ಕೆ ಹೋಗಬೇಕು. ಜರ್ಮನಿಯ ಥಿಯೋಡೋರ್ ಬೊವೇರಿ ಸಮುದ್ರದ ಮುಳ್ಳುಚೆಂಡು ಪ್ರಾಣಿಯ ಒಂದು ಮೊಟ್ಟೆಗೆ ಎರಡು ವೀರ್ಯಾಣು ಸೇರುವಂತೆ ಮಾಡಿದರು. ಎರಡು ತುದಿಗಳಿರಬೇಕಾದಲ್ಲಿ ನಾಲ್ಕಾದವು, ಕ್ರೋಮೋಸೋಮ್‌ಗಳು ಮನಸ್ಸಿಗೆ ಬಂದ ಹಾಗೆ ಹಂಚಿಹೋದವು. ಹೆಚ್ಚಿನ ಭ್ರೂಣಗಳು ಕೆಟ್ಟು ಸತ್ತವು. 1914ರ ಪುಸ್ತಕದಲ್ಲಿ ಬೊವೇರಿ, ಇಂಥದ್ದೇ ತಪ್ಪು ಹಂಚಿಕೆ ಎಲ್ಲೋ ಅಪರೂಪಕ್ಕೆ ಮಿತಿಯಿಲ್ಲದೆ ಬೆಳೆಯುವ ಕೋಶವನ್ನ ಕೊಡಬಹುದು ಅಂತ ಬರೆದರು. ಅವರು ಕ್ಯಾನ್ಸರ್ ತಜ್ಞರೇ ಅಲ್ಲ. 2007ರಲ್ಲಿ ಬೆತ್ ವೀವರ್, ಡಾನ್ ಕ್ಲೀವ್‌ಲ್ಯಾಂಡ್ ಮತ್ತು ಸಂಗಡಿಗರು, ಹಂಚಿಕೆ ತಪ್ಪುವ ಇಲಿಗಳಲ್ಲಿ ಎರಡೂ ಮುಖ ಕಂಡರು: ಗುಲ್ಮ ಮತ್ತು ಶ್ವಾಸಕೋಶದಲ್ಲಿ ಗೆಡ್ಡೆ ಹೆಚ್ಚು, ಯಕೃತ್ತಿನಲ್ಲಿ ಕಡಿಮೆ. ತಪ್ಪು ಸ್ವಲ್ಪವಾದರೆ ಗೆಡ್ಡೆಗೆ ಹೊಸ ಹೊಸ ದಾರಿ ಸಿಗುತ್ತೆ, ಅತಿಯಾದರೆ ಕೋಶಕ್ಕೇ ಬದುಕೋಕಾಗಲ್ಲ.

ಈಗ ಚಿಕ್ಕಮ್ಮನ ಔಷಧ. ಪ್ಯಾಕ್ಲಿಟ್ಯಾಕ್ಸೆಲ್ ಬಂದಿದ್ದು ಅಮೆರಿಕದ ಪಶ್ಚಿಮ ಕರಾವಳಿಯ ಯೂ ಮರದ ತೊಗಟೆಯಿಂದ. ಅದು ಮೈಕ್ರೋಟ್ಯೂಬ್ಯೂಲ್‌ಗಳನ್ನ ಕುಸಿಯಲು ಬಿಡದೆ ಗಟ್ಟಿ ಮಾಡುತ್ತೆ ಅಂತ 1979ರಲ್ಲಿ ತೋರಿಸಿದವರು ಸೂಸನ್ ಹಾರ್ವಿಟ್ಜ್. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಇದಕ್ಕೆ ತದ್ವಿರುದ್ಧ, ಹಗ್ಗ ಕಟ್ಟೋಕೇ ಬಿಡಲ್ಲ. (ಹಾಗಂತ ಎಲೆ ಕುದಿಸಿ ಕುಡೀಬೇಡಿ, ಅದು ವಿಷ.) ಲ್ಯಾಬಿನ ತಟ್ಟೆಯಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಜಾಸ್ತಿ ಹಾಕಿದ್ರೆ ಕೂಗು ನಿಲ್ಲೋದೇ ಇಲ್ಲ, ಕೋಶ ಗಂಟೆಗಟ್ಟಲೆ ಕಾದು ಸಾಯುತ್ತೆ. ಔಷಧ ‘ನಿಲ್ಲಿಸುತ್ತೆ’ ಅನ್ನೋ ಪಾಠ ಬಂದಿದ್ದು ಅಲ್ಲಿಂದ. ಆದರೆ ವೀವರ್ ಅವರ ವಿಸ್ಕಾನ್ಸಿನ್ ತಂಡ 2014ರಲ್ಲಿ ರೋಗಿಗಳ ಸ್ತನದ ಗೆಡ್ಡೆಯಿಂದಲೇ ಮಾದರಿ ತೆಗೆದು ನೋಡಿತು. ನಿಜವಾಗಿ ಗೆಡ್ಡೆಗೆ ತಲುಪುವ ಪ್ರಮಾಣದಲ್ಲಿ ಕೋಶಗಳು ನಿಂತುಬಿಡಬೇಕಾಗಿಯೇ ಇರಲಿಲ್ಲ. ಅವುಗಳಲ್ಲಿ ಮೂರು ನಾಲ್ಕು ತುದಿಗಳು ಮೂಡಿ, ಕ್ರೋಮೋಸೋಮ್‌ಗಳು ದಿಕ್ಕುದಿಕ್ಕಿಗೆ ಹಂಚಿಹೋಗಿ, ಆ ಮೇಲೆ ಸಾಯುತ್ತಿದ್ದವು. ಬೊವೇರಿಯ ಮೊಟ್ಟೆಗಳ ಹಾಗೇ! ಮೊದಲೇ ಲೆಕ್ಕ ತಪ್ಪಿದ್ದ ಕೋಶವನ್ನ ಇನ್ನಷ್ಟು ತಪ್ಪಿಸಿ ಅಂಚಿನಾಚೆ ದೂಡೋ ಔಷಧ ಇದು.

ಕೂದಲಿನ ಬುಡದಲ್ಲಿ ಕೋಶಗಳು ಬೇಗ ಬೇಗ ಎರಡಾಗುತ್ತಾ ಇರುತ್ತವೆ, ಅವಕ್ಕೂ ಏಟು ಬೀಳುತ್ತೆ, ಕೂದಲು ಉದುರುತ್ತೆ. ಕಾಲ್ಬೆರಳಿನ ಕಥೆ ಬೇರೆ. ಬೆನ್ನುಹುರಿಯ ಪಕ್ಕದಿಂದ ಬೆರಳ ತುದಿಯವರೆಗೆ ಒಂದೇ ನರತಂತು, ಸುಮಾರು ಒಂದು ಮೀಟರ್ ಉದ್ದ. ಅದರೊಳಗೆ ಸಾಮಾನು ಸಾಗೋ ಹಳಿಗಳೂ ಇದೇ ಮೈಕ್ರೋಟ್ಯೂಬ್ಯೂಲ್‌ಗಳೇ. ಹಳಿ ಕೆಟ್ಟರೆ ಮೊದಲು ಗೊತ್ತಾಗೋದು ಅತಿ ದೂರದ ಸ್ಟೇಷನ್ನಿಗೆ.

ಮರುದಿನ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಚಿಕ್ಕಮ್ಮ ಪೂರ್ತಿ ಕೇಳಿ, “ಅದೆಲ್ಲ ಸರಿ, ಈ ಜುಮ್ಮು ಹೋಗುತ್ತಾ?” ಅಂದ್ರು. ಔಷಧ ನಿಂತ ಮೇಲೆ ಹಲವರಲ್ಲಿ ತಿಂಗಳುಗಳ ಮೇಲೆ ಕಡಿಮೆಯಾಗುತ್ತೆ, ಕೆಲವರಲ್ಲಿ ಸ್ವಲ್ಪ ಉಳಿದುಬಿಡುತ್ತೆ. ಅದಕ್ಕೇ ಸಹಿಸಿಕೊಂಡು ಸುಮ್ಮನಿರಬಾರದು. ಮುಂದಿನ ಡ್ರಿಪ್‌ಗೆ ಮೊದಲೇ ಡಾಕ್ಟರಿಗೆ ಹೇಳಿದರೆ ಡೋಸ್ ಇಳಿಸೋದು, ಅಂತರ ಹೆಚ್ಚಿಸೋದು ಅವರಿಗೆ ಸಾಧ್ಯ. ಚಿಕ್ಕಮ್ಮ ಅಲ್ಲಿಯವರೆಗೂ ಅವರಿಗೆ ಹೇಳೇ ಇರಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಅಂಡಾಣುಗಳು: ತಾಯಿ ಹುಟ್ಟುವ ಮೊದಲೇ ಹಾಕಿದ ಉಂಗುರಗಳು 40 ವರ್ಷ ಹೇಗೆ ತಡೀತವೆ ಅಂತ ನೋಡೋಣ.