ನಿಧಾನವಾಗಿ ಹೊತ್ತಿಕೊಳ್ಳುವ ಬೆಂಕಿ

ಸುಝಾನ್ ಕಾಲಿನ್ಸ್ ಅವರ ‘ಕ್ಯಾಚಿಂಗ್ ಫೈರ್’ ಕಾದಂಬರಿ 2009ರಲ್ಲಿ ಪ್ರಕಟವಾದಂದಿನಿಂದ ಅದರ ಮೇಲೆ ಒಂದು ದೂರು ಇದ್ದೇ ಇದೆ: ಕಥೆ ತೀರಾ ನಿಧಾನವಾಗಿ ಆರಂಭವಾಗುತ್ತದೆ. ದೂರು ಆಧಾರರಹಿತವೇನಲ್ಲ. ‘ದಿ ಹಂಗರ್ ಗೇಮ್ಸ್’ ಸರಣಿಯ ಈ ಎರಡನೆಯ ಕೃತಿಯ 27 ಅಧ್ಯಾಯಗಳಲ್ಲಿ 18 ಮುಗಿಯುವ ಹೊತ್ತಿಗಷ್ಟೇ ನಾಯಕಿ ಕ್ಯಾಟ್ನಿಸ್ ಸಾವಿನ ಕಣಕ್ಕೆ ಇಳಿಯುತ್ತಾಳೆ. ಹದಿಹರೆಯದವರಿಗಾಗಿ ಬರೆದ ಸಾಹಸಕಥೆಗೆ ಇಷ್ಟು ದೀರ್ಘ ಪೀಠಿಕೆ ಏಕೆ ಎಂಬ ಪ್ರಶ್ನೆ ಸಹಜ. ಆದರೆ ಈ ಕೃತಿಯ ರಾಜಕೀಯ ಅಡಗಿರುವುದೇ ಆ ನಿಧಾನದಲ್ಲಿ.

ಕಥೆ ನಡೆಯುವುದು ಭವಿಷ್ಯದ ಉತ್ತರ ಅಮೆರಿಕದಲ್ಲಿರುವ ಪ್ಯಾನೆಮ್ ಎಂಬ ದೇಶದಲ್ಲಿ. ಭೋಗದಲ್ಲಿ ಮುಳುಗಿದ ರಾಜಧಾನಿ ಕ್ಯಾಪಿಟಲ್ ಒಂದೆಡೆ. ಅದಕ್ಕಾಗಿ ದುಡಿಯುವ 12 ಜಿಲ್ಲೆಗಳು ಇನ್ನೊಂದೆಡೆ. ಹಿಂದೊಮ್ಮೆ ಬಂಡೆದ್ದುದಕ್ಕೆ ಶಿಕ್ಷೆಯಾಗಿ ಪ್ರತಿ ಜಿಲ್ಲೆಯೂ ವರ್ಷಕ್ಕೊಮ್ಮೆ ಒಬ್ಬ ಹುಡುಗ ಮತ್ತು ಒಬ್ಬ ಹುಡುಗಿಯನ್ನು ಒಪ್ಪಿಸಬೇಕು. ಒಬ್ಬರೇ ಉಳಿಯುವವರೆಗೆ ಆ ಮಕ್ಕಳು ಪರಸ್ಪರ ಕೊಲ್ಲುವುದನ್ನು ದೇಶವೆಲ್ಲ ಟಿ.ವಿ.ಯಲ್ಲಿ ನೋಡಬೇಕು. ರಿಯಾಲಿಟಿ ಷೋ ಮತ್ತು ಇರಾಕ್ ಯುದ್ಧದ ದೃಶ್ಯಗಳ ನಡುವೆ ಚಾನೆಲ್ ಬದಲಿಸುತ್ತಿದ್ದಾಗ ಈ ಕಲ್ಪನೆ ಹುಟ್ಟಿತೆಂದು ಕಾಲಿನ್ಸ್ ಹೇಳಿದ್ದಾರೆ.

ಮೊದಲ ಕೃತಿಯಲ್ಲಿ ಕ್ಯಾಟ್ನಿಸ್ ನಿಯಮ ಮುರಿದು, ತನ್ನೊಂದಿಗೆ ಪೀಟಾನನ್ನೂ ಬದುಕಿಸಿಕೊಂಡು ಮರಳಿದ್ದಳು. ಎರಡನೆಯದರಲ್ಲಿ ಆಕೆಗೆ ಬಂಡೇಳುವ ಉದ್ದೇಶವೇ ಇಲ್ಲ. ಅಧ್ಯಕ್ಷ ಸ್ನೋ ಮನೆಗೇ ಬಂದು ಬೆದರಿಸಿದ ಮೇಲೆ, ಪೀಟಾನ ಮೇಲಿನ ಪ್ರೇಮದ ನಾಟಕವಾಡಿ ಜನರನ್ನು ತಣ್ಣಗಾಗಿಸಲು ಆಕೆ ಹೆಣಗುತ್ತಾಳೆ. 11ನೇ ಜಿಲ್ಲೆಯಲ್ಲಿ, ಆಟಕ್ಕೆ ಬಲಿಯಾದ ಪುಟ್ಟ ಹುಡುಗಿ ರೂಳನ್ನು ಆಕೆ ನೆನೆದಾಗ ಮುದುಕನೊಬ್ಬ ಸಿಳ್ಳೆ ಹಾಕುತ್ತಾನೆ. ನೆರೆದ ಜನ ಮೂರು ಬೆರಳುಗಳನ್ನು ತುಟಿಗೊತ್ತಿ ಆಕೆಯತ್ತ ಚಾಚುತ್ತಾರೆ. ಮುದುಕನನ್ನು ಅಲ್ಲೇ ಗುಂಡಿಟ್ಟು ಕೊಲ್ಲಲಾಗುತ್ತದೆ. ಆಮೇಲೆ ಮೇಯರ್ ಮನೆಯ ಟಿ.ವಿ. ಪರದೆಯಲ್ಲಿ ಆಕಸ್ಮಿಕವಾಗಿ ಕಂಡ ದಂಗೆಯ ದೃಶ್ಯ. ಓಡಿಬಂದ ಇಬ್ಬರು ಹೆಂಗಸರ ಕೈಯಲ್ಲಿ ಹಕ್ಕಿಯ ಚಿತ್ರವಿರುವ ರೊಟ್ಟಿಯ ತುಣುಕು. ನಾಯಕನಿಲ್ಲ, ಘೋಷಣೆಯಿಲ್ಲ. ಪಿಸುಮಾತು, ಸನ್ನೆ, ರೊಟ್ಟಿಯ ಮೂಲಕವೇ ಪ್ರತಿರೋಧ ಊರಿಂದೂರಿಗೆ ದಾಟುತ್ತದೆ.

ಇದೆಲ್ಲ ಬೇಗ ಮುಗಿದು ‘ಆಟ’ ಶುರುವಾಗಲಿ ಎಂದು ಚಡಪಡಿಸುವ ಓದುಗ ತನಗರಿವಿಲ್ಲದೆಯೇ ಕ್ಯಾಪಿಟಲ್‌ನ ಪ್ರೇಕ್ಷಕರ ಸಾಲಿನಲ್ಲಿ ಕುಳಿತಿರುತ್ತಾನೆ. ಅವರಿಗೂ ಬೇಕಾದುದು ಕಣದ ರೋಚಕತೆಯೇ ಹೊರತು ಜಿಲ್ಲೆಗಳ ಹಸಿವಿನ ಕಥೆಯಲ್ಲ.

ಪುಸ್ತಕದಾಚೆಯ ಜಗತ್ತು ಈ ಕಥೆಯಿಂದ ಏನನ್ನು ಎತ್ತಿಕೊಂಡಿತು ಎಂಬುದು ಗಮನಾರ್ಹ. ಅದು ಕ್ಯಾಟ್ನಿಸ್‌ಳ ಬಿಲ್ಲುಬಾಣವಲ್ಲ. ಆಕೆಯ ಜಿಲ್ಲೆಯಲ್ಲಿ ಅಂತ್ಯಕ್ರಿಯೆಯ ವೇಳೆ ಕಾಣುವ ಆ ಮೂರು ಬೆರಳುಗಳ ಸನ್ನೆ. ಥಾಯ್ಲೆಂಡಿನಲ್ಲಿ 2014ರ ಮೇ 22ರಂದು ಸೇನೆ ಅಧಿಕಾರ ಕಸಿದುಕೊಂಡ ಬಳಿಕ ಪ್ರತಿಭಟನಕಾರರು ಅದನ್ನು ಬಳಸತೊಡಗಿದರು. ಅದೇ ನವೆಂಬರ್‌ನಲ್ಲಿ ಖೋನ್ ಕೇನ್‌ನಲ್ಲಿ, ಸೇನಾ ದಂಗೆಯ ನೇತೃತ್ವ ವಹಿಸಿ ಪ್ರಧಾನಿಯಾಗಿದ್ದ ಪ್ರಯುತ್ ಚಾನ್-ಒ-ಚಾ ಅವರೆದುರೇ ಮೂರು ಬೆರಳು ಎತ್ತಿದ ಐವರು ವಿದ್ಯಾರ್ಥಿಗಳನ್ನು ವಶಕ್ಕೆ ಪಡೆಯಲಾಯಿತು. ಮ್ಯಾನ್ಮಾರ್‌ನಲ್ಲಿ 2021ರ ಫೆಬ್ರುವರಿ 1ರ ಸೇನಾ ಕ್ರಾಂತಿಯ ನಂತರ ವೈದ್ಯಕೀಯ ಸಿಬ್ಬಂದಿ ಇದೇ ಸನ್ನೆ ಮಾಡಿದರು. ಅದೇ ತಿಂಗಳ 26ರಂದು ಆ ದೇಶದ ರಾಯಭಾರಿ ಚಾ ಮೋ ಟುನ್ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮೂರು ಬೆರಳು ಎತ್ತಿದರು. ಮರುದಿನವೇ ಸೇನಾಡಳಿತ ಅವರನ್ನು ವಜಾ ಮಾಡಿತು.

ಸನ್ನೆಯೊಂದರಿಂದ ಸೇನಾಡಳಿತ ಉರುಳುವುದಿಲ್ಲ. ಮ್ಯಾನ್ಮಾರ್‌ನಲ್ಲಿ ಹರಿದ ರಕ್ತವೇ ಅದಕ್ಕೆ ಸಾಕ್ಷಿ. ಆದರೆ ಬರಿಗೈಯ ಮೂರು ಬೆರಳುಗಳಿಗೆ ಅಧಿಕಾರಸ್ಥರು ಅಷ್ಟೊಂದು ಬೆಚ್ಚುವುದೇಕೆ? ಪಕ್ಕದವನ ಎದೆಯಲ್ಲೂ ಅದೇ ಸಿಟ್ಟಿದೆ ಎಂಬುದನ್ನು ಅವು ಪ್ರತಿಯೊಬ್ಬನಿಗೂ ತಿಳಿಸುತ್ತವೆ. ಆ ಅರಿವು ಮೂಡಲು ಕಾಲ ಬೇಕು. ಕಾಲಿನ್ಸ್ ಹದಿನೆಂಟು ಅಧ್ಯಾಯಗಳನ್ನು ಕೊಟ್ಟಿರುವುದು ಅದಕ್ಕೇ. ಅವುಗಳನ್ನು ಹಾರಿಸಿ ಓದಿದರೆ ಸಿಗುವುದು ಒಂದು ಆಟದ ಕಥೆ ಮಾತ್ರ, ಬಂಡಾಯದ ಕಥೆಯಲ್ಲ.